12+ ತಾಲೂಕುಗಳ ನಮ್ಮ ಸುಂದರ ಜಿಲ್ಲೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದು ಸರ್ಕಾರಿ ಇಲಾಖೆ ಹೊಸ ವೆಬ್‌ಸೈಟ್ ಉದ್ಘಾಟನೆ ಮಾಡಿದ ಫೋಟೋ ನೀವೂ ನೋಡಿರ್ತೀರಿ, ಎಲ್ಲಾ ಗ್ರೂಪಿಗೂ ಬಂದಿತ್ತು. ಒಂದು ಲ್ಯಾಪ್‌ಟಾಪು, ಅದಕ್ಕೊಂದು ಮೌಸು, ಆ ಒಂದು ಮೌಸಿನ ಮೇಲೆ ಐದು ಕೈ. ಐದೂ ಜನ ನೋಡ್ತಿರೋದು ಕ್ಯಾಮೆರಾ ಕಡೆ, ಸ್ಕ್ರೀನ್ ನೋಡ್ತಿರೋನು ಹಿಂದೆ ನಿಂತ ಜವಾನ ಒಬ್ಬನೇ, ಅವನ ಮುಖದಲ್ಲಿ ಮಾತ್ರ ಸ್ವಲ್ಪ ಗಾಬರಿ ಕಾಣ್ತದೆ. ಪಕ್ಕದಲ್ಲಿ ದೀಪ, ದೀಪಕ್ಕೆ ಸೇವಂತಿಗೆ, ಲ್ಯಾಪ್‌ಟಾಪಿಗೂ ಒಂದು ಬೊಟ್ಟು ಕುಂಕುಮ. ಇಲಾಖೆ ಹೆಸರು ಬೇಡ ಬಿಡಿ, ಯಾವ್ದು ಅಂತ ನಿಮಗೂ ಗೊತ್ತು, ಗೊತ್ತಿಲ್ಲದೇ ಬೇರೆ ಇಲಾಖೆ ಅಂದ್ಕೊಂಡ್ರೂ ಕಥೆಗೆ ಏನೂ ಹಾನಿ ಇಲ್ಲ. "ಹೊಸ ರೂಪದ ಆಕರ್ಷಕ ಜನಸ್ನೇಹಿ ವೆಬ್‌ಸೈಟ್" ಅಂತ ಹೆಡ್ಡಿಂಗು. ಆಕರ್ಷಕ ಹೌದು, ಅದರಲ್ಲಿ ತಕರಾರಿಲ್ಲ. ಸ್ನೇಹ ಯಾವ ಜನರ ಜೊತೆ ಅಂತ ಗೊತ್ತಾಗ್ಬೇಕು ಅಷ್ಟೇ.

ನಂಗೆ ಬೇಕಾಗಿದ್ದು ಒಂದು ಅರ್ಜಿ ಫಾರಂ. ಹಳೇ ಸೈಟಲ್ಲಿ ಅದು ಎಡಗಡೆ ಮೂಲೇಲಿ, ಹಳದಿ ಬಣ್ಣದ ಮೇಲೆ ಕೆಂಪಕ್ಷರದಲ್ಲಿ, ನೋಡಿದ್ರೆ ಕಣ್ಣು ಉರಿಯೋ ಹಂಗೆ ಇತ್ತು, ಆದ್ರೆ ಇತ್ತು. ಹೊಸದ್ರಲ್ಲಿ ಮೊದ್ಲು ಒಂದು ಚಕ್ರ ತಿರುಗ್ತದೆ. ತಿರುಗಿ ತಿರುಗಿ ಆಮೇಲೆ ಕೊಳಲು ಕೇಳ್ತದೆ, ಆಫೀಸಲ್ಲಿ ಕೂತು ತೆಗೆದ್ರೆ ಪಕ್ಕದೋರೆಲ್ಲ ನಮ್ಮನ್ನೇ ನೋಡ್ತಾರೆ. ಆಮೇಲೆ ಡ್ರೋನು. ಮೋಡದೊಳಗಿಂದ ಇಳಿದು ಕಾಡು, ಕಾಡಿಂದ ಜಲಪಾತ, ಜಲಪಾತದಿಂದ ಸೀದಾ ಸಮುದ್ರ. ಆ ದಿನದ ಡೇಟಾ ಅರ್ಧ ಸಮುದ್ರಕ್ಕೇ ಹೋಯ್ತು.

ನಮ್ಮ ಜಿಲ್ಲೆ ಚಂದ ಇರೋದೇ ನಮ್ಮ ಕರ್ಮ ಅಂತ ಒಂದೊಂದ್ಸಲ ಅನ್ನಿಸ್ತದೆ ಮಾರಾಯ್ರೆ. ಬೇರೆ ಕಡೆ ವೆಬ್‌ಸೈಟ್ ಮಾಡೋರಿಗೆ ಮುಖಪುಟಕ್ಕೆ ಎಂತ ಹಾಕೋದು ಅಂತ ಚಿಂತೆ ಆದ್ರೂ ಆಗ್ತದೆ, ಹಂಗಾಗಿ ಕೆಲವು ಸಲ ಗತಿ ಇಲ್ಲದೇ ಮಾಹಿತಿ ಹಾಕ್ತಾರೆ. ನಮ್ಮಲ್ಲಿ ಆ ಕಷ್ಟ ಇಲ್ಲ. ಯಾಣದ ಕಲ್ಲು, ಮಾಗೋಡು, ಉಂಚಳ್ಳಿ ಜಲಪಾತ, ಮುರ್ಡೇಶ್ವರದ ಶಿವ, ಕಾರವಾರದ ಟಾಗೋರ್ ಬೀಚು, ಒಂದು ಯಕ್ಷಗಾನದ ವೇಷ, ಕೊನೇಲಿ ಸೂರ್ಯ ಮುಳುಗುವಾಗ ಒಂದು ದೋಣಿ. ಜನನ ಪ್ರಮಾಣಪತ್ರಕ್ಕೂ ಇದೇ ದೋಣಿ, ಮರಣ ಪ್ರಮಾಣಪತ್ರಕ್ಕೂ ಇದೇ ದೋಣಿ. ಜೋಗ ಅಂತೂ ಗಡಿಯಲ್ಲಿದೆ, ಶಿವಮೊಗ್ಗದವರೂ ಹಾಕ್ಕೋತಾರೆ, ನಾವೂ ಹಾಕ್ಕೋತೇವೆ, ಎರಡೂ ಕಡೆ ಅರ್ಜಿ ಫಾರಂ ಸಿಗೋದಿಲ್ಲ. ಟಾಗೋರ್ ಅಂದಾಗ ನೆನಪಾಯ್ತು, ರವೀಂದ್ರನಾಥರು ಕಾರವಾರಕ್ಕೆ ಬಂದಿದ್ದು ಅವರಣ್ಣ ಸತ್ಯೇಂದ್ರನಾಥ ಟಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ರು ಅಂತ, ಬ್ರಿಟಿಷರ ಕಾಲದ ದೊಡ್ಡ ಅಧಿಕಾರಿಗಳ ಪರೀಕ್ಷೆ ಐಸಿಎಸ್ ಪಾಸಾದ ಮೊದಲ ಭಾರತೀಯ ಅವರು. ತಮ್ಮ ಕಡಲು ನೋಡಿ ಕವಿತೆ ಬರೀತಿದ್ದ, ಅಣ್ಣ ಕಚೇರಿಲಿ ಕೂತು ಕೇಸು ನೋಡ್ತಿದ್ರು. ಎರಡು ಕೆಲಸಕ್ಕೆ ಎರಡು ಜನ ಇದ್ರು ನೋಡಿ. ಅರ್ಜಿ ಹಿಡ್ಕೊಂಡು ಬಂದವನಿಗೆ ಮೊದ್ಲು ಸಮುದ್ರ ತೋರಿಸಿ, ಕೊಳಲು ಕೇಳಿಸಿ, ಆಮೇಲೆ ಒಳಗೆ ಬಿಡೋ ಪದ್ಧತಿ ಬ್ರಿಟಿಷರ ಕಾಲದಲ್ಲೂ ಇರ್ಲಿಲ್ಲ.

ಡ್ರೋನು ದಾಟಿ ಕೆಳಗೆ ಬಂದ್ರೆ ಅಂಕಿ ಓಡ್ತವೆ. ಸೊನ್ನೆಯಿಂದ ಶುರುವಾಗಿ ಮೇಲೆ ಮೇಲೆ ಹೋಗೋ ಅಂಕಿ, ದಂತವೈದ್ಯರ ಸೈಟಲ್ಲಿ "ಸಂತುಷ್ಟ ರೋಗಿಗಳು 5000+" ಅಂತ ಬರ್ತದಲ್ಲ, ಅದೇ. ಯಾವುದೋ ರೆಡಿಮೇಡ್ ಟೆಂಪ್ಲೇಟು ತಗೊಂಡು ಹಲ್ಲು ತೆಗೆದು ಜಲಪಾತ ಹಾಕಿದ್ದಾರೆ ಅಷ್ಟೇ. ಅದರಲ್ಲಿ ಬರ್ದಿದೆ, "ತಾಲೂಕುಗಳು 12+". ನಾನು ಇದನ್ನ ನೋಡಿ ಬಹಳ ಹೊತ್ತು ಸುಮ್ಮನೆ ಕೂತೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ. ಹನ್ನೆರಡು. ಆ ಪ್ಲಸ್ ಯಾವುದು? ಯಾವುದಾದ್ರೂ ತಾಲೂಕು ಸಮುದ್ರದಡಿ ಇದ್ಯಾ, ಅಥ್ವಾ ಯಾರಾದ್ರೂ ಬಜೆಟಲ್ಲಿ ಕೊಡ್ತೇನೆ ಅಂತ ಹೇಳಿ ಇನ್ನೂ ಕೊಡದೇ ಇರೋದಾ? ಪ್ಲಸ್ ಹಾಕಿದ್ರೆ ಚಂದ ಕಾಣ್ತದೆ ಅಂತ ಹಾಕಿದ್ದು, ಬೇರೆ ಎಂತದೂ ಇಲ್ಲ. ಹಂಗೇ ಬಿಟ್ರೆ ನಾಳೆ "ಜಿಲ್ಲಾಧಿಕಾರಿಗಳು 1+" ಅಂತ ಬರ್ತದೆ, ಅದಕ್ಕೆ ಬೇರೆ ತಕರಾರು ಶುರುವಾಗ್ತದೆ. ನಮ್ಮ ಮನೇಲಿ ಸಿಗ್ನಲ್ ಕಮ್ಮಿ ಆದ್ದರಿಂದ ಅಂಕಿ ಏಳರಲ್ಲೇ ನಿಂತೋಯ್ತು, ಅಂದ್ರೆ ಆ ಸಂಜೆ ಐದು ತಾಲೂಕು ನಮ್ಮ ಜಿಲ್ಲೇಲಿ ಇರ್ಲಿಲ್ಲ.

ಹಳೇ ಸೈಟು ಒಳ್ಳೇದಿತ್ತು ಅಂತ ನಾನು ಹೇಳ್ತಾ ಇಲ್ಲ, ತಪ್ಪು ತಿಳ್ಕೋಬೇಡಿ. ಅದರ ತಲೆ ಮೇಲೆ ಒಂದು ಸಾಲು ಬಲದಿಂದ ಎಡಕ್ಕೆ ಓಡ್ತಾನೇ ಇರ್ತಿತ್ತು, ಅದರ ಮೇಲೆ ಕ್ಲಿಕ್ ಮಾಡೋಕೆ ಹೋದ್ರೆ ಅದು ಮುಂದೆ ಹೋಗಿ ಹಿಂದಿನ ಟೆಂಡರ್ ಓಪನ್ ಆಗ್ತಿತ್ತು. ಹಂಗೆ ಓಡಿಸೋ ಆ ಮಾರ್ಕೀ ಟ್ಯಾಗನ್ನ ಎಚ್‌ಟಿಎಂಎಲ್ 5 ಅಂತ ವೆಬ್‌ಪುಟ ಬರೆಯೋ ಭಾಷೆಯ ಹೊಸ ಆವೃತ್ತಿ ಬಂದಾಗ್ಲೇ ಬಳಸಬೇಡಿ ಅಂತ ಪಕ್ಕಕ್ಕೆ ಇಟ್ಟಾಗಿದೆ, ಆದ್ರೆ ನಮ್ಮಲ್ಲಿ ಆಮೇಲೂ ಓಡ್ತಾನೇ ಇತ್ತು. 2017ರ ಸುತ್ತೋಲೆ ಪಕ್ಕದಲ್ಲಿ "ನ್ಯೂ" ಅಂತ ಒಂದು ಕೆಂಪು ಚುಕ್ಕೆ ಮಿಣಿಮಿಣಿ. ಅಡಿಗೆ "ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಚೆನ್ನಾಗಿ ಕಾಣುತ್ತದೆ" ಅಂತ ಬರ್ದಿತ್ತು, ಮೈಕ್ರೋಸಾಫ್ಟ್‌ನವರು 2022ರ ಜೂನ್ 15ಕ್ಕೆ ಆ ಬ್ರೌಸರಿನ ಬಾಗಿಲು ಹಾಕಿದ್ರೂ ಇಲ್ಲಿ ಅದರ ವರ್ಷಾಂತಿಕ ಆಗೋತನಕ ಆ ಸಾಲು ತೆಗೀಲಿಲ್ಲ. ಇಂಥದ್ದನ್ನ ಕೊಟ್ಟಾಗ ಸುಂದರ ಮಾಡಿ ಅಂತ ಕೇಳಿದ್ದು ನಾವೇ. ಸುಂದರ ಮಾಡಿದ್ರು. ಕಣ್ಣು ಉರಿಯೋದು ನಿಂತಿದೆ, ಯಾಕಂದ್ರೆ ಈಗ ಕಾಣೋದೇ ಇಲ್ಲ. ಬಿಳಿ ಮೇಲೆ ತೆಳು ಬೂದು ಅಕ್ಷರ, ಅದೂ ಇರುವೆ ಸಾಲಿನಷ್ಟು. ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಕಡಿಮೆ ಅಂದ್ರೂ 4.5ಕ್ಕೆ 1ರಷ್ಟು ವ್ಯತ್ಯಾಸ ಇರ್ಬೇಕು ಅಂತ ಇಡೀ ಪ್ರಪಂಚಕ್ಕೆ ಒಂದು ಲೆಕ್ಕ ಇದೆ, ಭಾರತ ಸರ್ಕಾರದ ವೆಬ್‌ಸೈಟುಗಳಿಗೇ ಅಂತ 2009ರಲ್ಲಿ ಮಾರ್ಗಸೂಚಿ ಬಂತು, 2023ರಲ್ಲಿ ಅದರ ಮೂರನೇ ಆವೃತ್ತಿನೂ ಬಂತು. ಬಂದು ಪಿಡಿಎಫ್ ಆಗಿ ಮಲ್ಕೊಂಡಿದೆ. ಮೇ ತಿಂಗಳ ಮಧ್ಯಾಹ್ನ ಕುಮಟಾ ಬಸ್‌ಸ್ಟ್ಯಾಂಡ್ ಹೊರಗೆ ನಿಂತು, ಬೆವರು ಕೈಯಲ್ಲಿ ಮೊಬೈಲ್ ಹಿಡ್ಕೊಂಡು ಆ ಬೂದು ಅಕ್ಷರ ಓದಿ ತೋರಿಸಿ, ನಿಮಗೊಂದು ಸನ್ಮಾನ ಇಟ್ಕೊಳ್ಳುವ.

ಕನ್ನಡ ಬೇಕು ಅಂದ್ರೆ ಕನ್ನಡನೂ ಇದೆ, ಅನ್ಯಾಯ ಮಾತಾಡ್ಬಾರ್ದು. ಮೇಲೆ ಬಲಗಡೆ "ಕನ್ನಡ" ಅಂತ ಒಂದು ಬಟನ್. ಒತ್ತಿದ್ರೆ "ಹೋಮ್" ಇದ್ದಿದ್ದು "ಮುಖಪುಟ" ಆಗ್ತದೆ. ಅಷ್ಟೇ, ಉಳಿದದ್ದು ಇಂಗ್ಲಿಷಲ್ಲೇ ಇರ್ತದೆ. ಒಂದೆರಡು ಒಳಪುಟ ಕನ್ನಡದಲ್ಲಿ ಇದೆ, ಅದನ್ನ ಯಾವುದೋ ಕಾಲದ ನುಡಿ ಫಾಂಟಿಂದ ಎತ್ತಿ ಹಂಗೇ ಅಂಟಿಸಿದ್ದಾರೆ, ಎಲ್ಲಾ ಕಂಪ್ಯೂಟರಲ್ಲೂ ಕಾಣೋ ಯೂನಿಕೋಡಿಗೆ ಬದಲಿಸ್ಲಿಲ್ಲ, ಹಂಗಾಗಿ ಇಂಗ್ಲಿಷ್ ಅಕ್ಷರದ ಮೇಲೆ ಟೋಪಿ ಚುಕ್ಕೆ ಇಟ್ಟ ಯಾವುದೋ ಯುರೋಪಿನ ಭಾಷೆ ತರ ಕಾಣ್ತದೆ. ಅದಕ್ಕಿಂತ ಚಂದದ್ದು ಬಟನ್ನುಗಳು. ಡಬ್ಬಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕಿ ಮಾಡಿದ್ದು, ಇಂಗ್ಲಿಷಿಗೆ ಕೆಳಗೆ ಒತ್ತಕ್ಷರ ಇಲ್ಲ, ನಮಗೆ ಇದೆ. ಡಿಸೈನ್ ತೆಳ್ಳಗೆ ನೀಟಾಗಿ ಕಾಣ್ಬೇಕಲ್ಲ, ಅದಕ್ಕೆ ಡಬ್ಬಿ ದೊಡ್ಡದು ಮಾಡ್ಲಿಲ್ಲ, ಒತ್ತಕ್ಷರ ಕತ್ತರಿಸಿ ಬಿಟ್ರು. ಈಗ "ಅರ್ಜಿ ಸಲ್ಲಿಸಿ" ಅನ್ನೋದು "ಅರ್ಜಿ ಸಲಿಸಿ" ಆಗಿದೆ, "ಹಕ್ಕು ಪತ್ರ" ಹೋಗಿ "ಹಕು ಪತ". ಒಂದನೇ ಕ್ಲಾಸಿನ ಮಗು ಹಿಂಗೆ ಬರೆದ್ರೆ ಮಾಸ್ತರು ಕಿವಿ ಹಿಂಡ್ತಿದ್ರು, ಇಲಾಖೆ ಬರೆದ್ರೆ ಮಿನಿಮಲ್ ಡಿಸೈನ್.

ಬೆಂಗ್ಳೂರಲ್ಲಿ ಇದೇ ಕೆಲ್ಸ ಮಾಡೋ ನಮ್ಮೂರ ಹುಡುಗನೊಬ್ಬ ಹಬ್ಬಕ್ಕೆ ಬಂದಿದ್ದ, ಅವನ ಹತ್ರ ಇದನ್ನೆಲ್ಲ ಹೇಳಿದ್ದಕ್ಕೆ ಅವ ನಂಗೇ ಪಾಠ ಮಾಡಿದ. "ಮಾವ, ಚಂದ ಬೇಡ ಅನ್ಬೇಡಿ, ಚಂದ ಇದ್ರೇ ಜನ ನಂಬ್ತಾರೆ, ಇದಕ್ಕೆ ರಿಸರ್ಚ್ ಇದೆ" ಅಂದ. ಇದ್ದದ್ದೂ ಹೌದು. 1995ರಲ್ಲಿ ಜಪಾನಿನ ಹಿಟಾಚಿ ಡಿಸೈನ್ ಸೆಂಟರಿನ ಕುರೋಸು, ಕಶಿಮುರ ಅಂತ ಇಬ್ಬರು ಎಟಿಎಂ ಪರದೆಯ 26 ನಮೂನೆ ಮಾಡಿ 252 ಜನರಿಗೆ ತೋರಿಸಿ, ಯಾವುದು ಚಂದ, ಯಾವುದು ಬಳಸೋಕೆ ಸುಲಭ ಅಂತ ಮಾರ್ಕ್ಸ್ ಹಾಕಿಸಿದ್ರು. ಚಂದ ಕಂಡಿದ್ದೇ ಸುಲಭ ಅಂತ್ಲೂ ಜನರಿಗೆ ಅನ್ನಿಸಿತ್ತು, ನಿಜವಾಗ್ಲೂ ಸುಲಭ ಇದ್ಯೋ ಇಲ್ವೋ ಅನ್ನೋದಕ್ಕೂ ಆ ಅನಿಸಿಕೆಗೂ ಅಷ್ಟೊಂದು ಸಂಬಂಧ ಇರ್ಲಿಲ್ಲ. ಹುಡುಗ ಇದನ್ನ ಚಂದದ ಪರವಾಗಿ ಹೇಳಿದ್ದು. ನಂಗೆ ಮಾತ್ರ ಆ ಐದು ಕೈಯ ಫೋಟೋಕ್ಕೆ ಅರ್ಥ ಸಿಕ್ತು. ತಮಾ, ನೋಡೋದು ಬೇರೆ ಬಳಸೋದು ಬೇರೆ, ನೋಡುವವನಿಗೆ ಎಲ್ಲಾ ಸುಲಭನೇ ಕಾಣ್ತದೆ. ವೆಬ್‌ಸೈಟ್ ಓಕೆ ಮಾಡಿದವರು ಒಬ್ರಾದ್ರೂ ಅದರಲ್ಲಿ ಅರ್ಜಿ ಹಾಕೋರಾ? ಅವರ ಅರ್ಜಿ ಹಾಕೋಕೆ ಬೇರೆ ಜನ ಇದ್ದಾರೆ. ಮೀಟಿಂಗ್ ಹಾಲಿನ ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟು, ಎಸಿ ಹಾಕಿ, ಆಫೀಸಿನ ಫೈಬರ್ ಕನೆಕ್ಷನ್ನಲ್ಲಿ ಆ ಜಲಪಾತ ಬಿದ್ದಾಗ ಎಷ್ಟು ಚಂದ ಕಂಡಿರ್ಬೇಕು ಅಂತ ನಾನೇ ಊಹೆ ಮಾಡ್ಬಲ್ಲೆ. ಗೋಡಂಬಿ ಬಿಸ್ಕೆಟ್ ತಿನ್ನುತ್ತಾ ಇನ್ನೊಂದು ಸ್ವಲ್ಪ ಕೊಳಲು ಜಾಸ್ತಿ ಮಾಡಿ ಅಂತ ಯಾರೋ ಹೇಳಿರ್ಬೇಕು.

ಚಂದ ಬೇಡ ಅಂತ ಈ ಜಿಲ್ಲೇಲಿ ಹುಟ್ಟಿದವ ಹೇಳೋಕೆ ಸಾಧ್ಯ ಇಲ್ಲ, ರಾತ್ರಿ ಇಡೀ ಯಕ್ಷಗಾನದ ಆಟ ನೋಡಿ ಬೆಳೆದವರು ನಾವು. ಬಡಗುತಿಟ್ಟಿನ ಚೌಕಿಲಿ, ಅಂದ್ರೆ ವೇಷ ಕಟ್ಟೋ ಜಾಗದಲ್ಲಿ, ಕೂತು ನೋಡಿ ಒಂದ್ಸಲ, ಮುಂಡಾಸು ಕಟ್ಟೋದಕ್ಕೇ ಎಷ್ಟು ಹೊತ್ತು. ಬಟ್ಟೆ ಸುತ್ತಿ, ದಾರ ಬಿಗಿದು, ಮತ್ತೆ ಸುತ್ತಿ, ಕಟ್ಟಿಸ್ಕೊಂಡವ ತಲೆ ಅಲ್ಲಾಡಿಸಿ ನೋಡ್ತಾನೆ, ಸಡಿಲ ಅನ್ನಿಸಿದ್ರೆ ಮತ್ತೆ ಬಿಚ್ಚು. ಯಾಕಂದ್ರೆ ಅದನ್ನ ಹೊತ್ತುಕೊಂಡು ಅವ ರಂಗಸ್ಥಳದಲ್ಲಿ ಮಂಡಿ ಹಾಕ್ಬೇಕು, ಗಿರಕಿ ಹೊಡೀಬೇಕು, ಅರ್ಥ ಹೇಳ್ಬೇಕು, ಬೆಳಗಿನ ಜಾವದ ತನಕ ಅದು ಜಾರ್ಬಾರ್ದು. ಚಂದನೂ ಅದೇ, ಉಪಯೋಗನೂ ಅದೇ, ಅವೆರಡನ್ನ ಬ್ಯಾಲೆನ್ಸ್ ಮಾಡೋದು ಹೆಂಗೆ ಅಂತ ಯಾವ ವೇಷಧಾರಿನೂ ವರ್ಕ್‌ಶಾಪಿಗೆ ಹೋಗ್ಲಿಲ್ಲ. ಕಟ್ಟುವವನಿಗೂ ಕುಣಿಯುವವನಿಗೂ ಮಧ್ಯ ಒಂದು ಗೇಣು ಅಂತರ, ಸಡಿಲ ಆದ್ರೆ ಅಲ್ಲೇ ಬೈಗುಳ. ಇಲ್ಲಿ ಕಟ್ಟುವವ ಎಲ್ಲೋ ಬೆಂಗ್ಳೂರಲ್ಲಿ ಟೆಂಡರ್ ಹಿಡಿದವನ ಟೆಂಡರ್ ಹಿಡಿದವ, ಕುಣಿಯುವವರು ನಾವು.

ಕುಣಿದದ್ದು ಹೇಳ್ತೇನೆ ಕೇಳಿ. ಶಿರಸಿಲಿ ಒಂದು ಸೈಬರ್ ಅಂಗಡಿ, ಅಲ್ಲಿ ನನಗಿಂತ ಮುಂದೆ ಕೂತ ಅಜ್ಜ ತೋಟದ್ದೇ ಎಂತದೋ ಅರ್ಜಿ ಹಾಕ್ಸೋಕೆ ಬಂದಿದ್ರು, ಇದೇ ಹೊಸ ಸೈಟಲ್ಲಿ. ಮೊಬೈಲ್ ಮನೇಲಿ ಬಿಟ್ಟು ಬಂದಿದ್ದಾರೆ, ಯಾಕಂದ್ರೆ ಅದು ಮನೆ ಮೊಬೈಲು, ಒಬ್ರದ್ದಲ್ಲ. ಓಟಿಪಿ ಹೋಗೋದು ಅದಕ್ಕೆ. ಮನೆ ಇರೋದು ಘಟ್ಟದ ಅಂಚಲ್ಲಿ, ಮನೆಯೊಳಗೆ ಸಿಗ್ನಲ್ ಇಲ್ಲ, ಕೊಟ್ಟಿಗೆ ಹಿಂದಿನ ಸೊಪ್ಪಿನಬೆಟ್ಟ ಹತ್ತಿದ್ರೆ ಒಂದು ಹಲಸಿನ ಮರದ ಬುಡದಲ್ಲಿ ಎರಡು ಕಡ್ಡಿ ಬರ್ತದೆ. ಅಂಗಡಿ ಹುಡುಗ ಲ್ಯಾಂಡ್‌ಲೈನಿಗೆ ಫೋನ್ ಮಾಡಿದ, ಅಜ್ಜಿ ಎತ್ತಿದ್ರು, ಇವ ಬಟನ್ ಒತ್ತಿದ, ಅಜ್ಜಿ ಬೆಟ್ಟ ಹತ್ತೋಕೆ ಹೊರಟ್ರು.

ಇತ್ಲಾಗೆ ಸ್ಕ್ರೀನ್ ಮೇಲೆ ಒಂದು ಗಡಿಯಾರ ಶುರುವಾಯ್ತು. ಸುಳ್ಳು ಹೇಳ್ಬಾರ್ದು, ಆ ಗಡಿಯಾರ ಬಹಳ ಚಂದ ಇದೆ. ಗುಂಡಗೆ ಒಂದು ಉಂಗುರ, ಹಸಿರಿದ್ದಿದ್ದು ನಿಧಾನಕ್ಕೆ ಹಳದಿ ಆಗಿ, ಹಳದಿಯಿಂದ ಕೇಸರಿ, ಕೊನೇ ಹತ್ತು ಸೆಕೆಂಡಿಗೆ ಕೆಂಪಾಗಿ ಎದೆ ಬಡಿದ ಹಂಗೆ ಮಿಡಿಯೋದು. ಇಡೀ ಸೈಟಲ್ಲಿ ಯಾರೋ ಮನಸ್ಸಿಟ್ಟು ಮಾಡಿದ್ದು ಅದೊಂದೇ ಇರ್ಬೇಕು.

"ಬಂತನಾ ತಮಾ?"

"ಅಜ್ಜಿ ಇನ್ನೂ ಬೆಟ್ಟದಲ್ಲಿ ಇದ್ದು, ತಡಿ ಅಜ್ಜ."

ಉಂಗುರ ಹಳದಿ ಆಯ್ತು. ಅಂಗಡಿಲಿದ್ದ ನಾವೆಲ್ಲ ನಮ್ಮ ಕೆಲಸ ಬಿಟ್ಟು ಅದನ್ನೇ ನೋಡ್ತಿದ್ದೇವೆ. ಕೇಸರಿ ಆಯ್ತು. ಕೆಂಪಾಗಿ ಮಿಡಿದು ಮಿಡಿದು ಹೋಯ್ತು, "ಸಮಯ ಮೀರಿದೆ, ಪುನಃ ಪ್ರಯತ್ನಿಸಿ" ಅಂತ ಬಂತು, ಅದಕ್ಕೂ ಒಂದು ನಗುಮುಖದ ಚಿತ್ರ. ಅದಾಗಿ ಸುಮಾರು ಹೊತ್ತಿಗೆ ಲ್ಯಾಂಡ್‌ಲೈನಿಂದ ಏದುಸಿರು ಬಿಡುತ್ತಾ ಅಜ್ಜಿ ಆರು ಅಂಕಿ ಹೇಳಿದ್ರು, ಒಂದೂ ತಪ್ಪಿಲ್ಲದೇ. ಪುನಃ ಪ್ರಯತ್ನ ಮಾಡುವ ಅಂದ್ರೆ ಲಾಗಿನ್ ಹೋಗಿದೆ, ತುಂಬಿಸಿದ ಫಾರಂ ಎಲ್ಲ ಖಾಲಿ, ಮೊದಲಿಂದ ಬನ್ನಿ, ಮತ್ತೆ ಮೋಡ, ಮತ್ತೆ ಕಾಡು, ಮತ್ತೆ ಕೊಳಲು. ಅಜ್ಜ ಆ ವಿಡಿಯೋ ನೋಡಿ, "ಇದು ನಮ್ಮನೆ ಬದಿಗಿನ ಜಡ್ಡಿ ಅಲ್ದನಾ" ಅಂತ ಕೇಳಿದ್ರು. ಹುಡುಗ ಉತ್ತರ ಕೊಡ್ಲಿಲ್ಲ.

ಜಮೀನಿನ ದಾಖಲೆ ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಶುರುವಾದ ಹೊಸದ್ರಲ್ಲಿ ತಾಲೂಕು ಆಫೀಸಿನ ಕಿಟಕಿಲಿ 15 ರೂಪಾಯಿ ಕೊಟ್ಟು ಸರ್ವೇ ನಂಬರ್ ಹೇಳಿದ್ರೆ ಪ್ರಿಂಟರ್ ಕಿರ್ರ್ ಅಂದು ಪಹಣಿ ಕೈಗೆ ಬರ್ತಿತ್ತು. ಆ ಕಂಪ್ಯೂಟರಿನ ಮುಖ ಹೆಂಗಿತ್ತು ಅಂತ ನಮ್ಮಲ್ಲಿ ಯಾರಿಗೂ ನೆನಪಿಲ್ಲ. 1991ರಲ್ಲಿ ಟಿಮ್ ಬರ್ನರ್ಸ್ ಲೀ ಮಾಡಿದ ಪ್ರಪಂಚದ ಮೊದಲ ವೆಬ್‌ಸೈಟನ್ನ ಯುರೋಪಿನ ಸರ್ನ್ ಅನ್ನೋ ವಿಜ್ಞಾನ ಸಂಸ್ಥೆಯವರು ಈಗ್ಲೂ ನೋಡೋಕೆ ಇಟ್ಟಿದ್ದಾರೆ, ಬಿಳಿ ಹಾಳೆ, ಅಕ್ಷರ, ಲಿಂಕು, ಮುಗೀತು. ಅಜ್ಜಿಯ ಹಲಸಿನ ಮರದ ಬುಡದಲ್ಲೂ ಅದು ತೆರೀತದೆ ಅಂತ ನಾನು ಬೆಟ್ ಕಟ್ತೇನೆ. ಹಂಗೇ ಇರ್ಲಿ ಅಂತಲ್ಲ, ಸ್ವಲ್ಪ ಬಣ್ಣ ಹಾಕಿ, ಬೇಡ ಅಂದವರ್ಯಾರು.

ಇಷ್ಟು ಹೊತ್ತು ನಗ್ತಾ ಬರೆದೆ, ಮಳೆ ವಿಷಯಕ್ಕೆ ಬಂದ್ರೆ ನಗು ಬರೋದಿಲ್ಲ. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತು. ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿಯ ಹಳೇ ಸೇತುವೆ ಮಧ್ಯರಾತ್ರಿ ನದಿಗೆ ಹೋಯ್ತು, ಲಾರಿ ಸಮೇತ. ಅದಾದ ಮೇಲೆ ಇಲ್ಲಿ ಎರಡು ದಿನ ಮಳೆ ಹಿಡಿದ್ರೆ ಮನೆ ಬಿಡೋ ಮುಂಚೆ ಎಲ್ಲರೂ ಕೇಳೋದು ಒಂದೇ, ರಸ್ತೆ ಇದ್ಯಾ. ದೇವಿಮನೆ ಘಾಟಿ ಬಿಟ್ಟಿದ್ದಾರಾ, ಅರಬೈಲು ಘಾಟಿ ಇಳೀಬಹುದಾ, ಅಣಶಿ ಘಾಟಿ ಹೆಂಗಿದೆ. ಡಯಾಲಿಸಿಸ್‌ಗೆ ಹೋಗೋರು ಕೇಳ್ತಾರೆ, ಹೆರಿಗೆ ನೋವು ಬಂದವಳ ಗಂಡ ಕೇಳ್ತಾನೆ, ಮಣಿಪಾಲಕ್ಕೆ ಹೊರಟ ಆಂಬುಲೆನ್ಸ್ ಡ್ರೈವರ್ ಕೇಳ್ತಾನೆ. ಬೇಕಾಗಿರೋದು ಒಂದು ಸಾಲು, ತಾರೀಕು ಮತ್ತು ಗಂಟೆ ಸಮೇತ, ಕಪ್ಪು ಅಕ್ಷರದಲ್ಲಿ, ಮುಖಪುಟದ ತಲೆ ಮೇಲೆ. ಅದಕ್ಕೆ ಡಿಸೈನರ್ ಬೇಡ, ಟೆಂಡರ್ ಬೇಡ, ಬೆಳಿಗ್ಗೆ ಎದ್ದು ಟೈಪ್ ಮಾಡೋ ಒಬ್ಬ ಮನುಷ್ಯ ಸಾಕು. ಅದೊಂದು ಇಲ್ಲ. ನೋಟೀಸು ಇದ್ದೇ ಇರ್ತದೆ, "ಪ್ರಕಟಣೆಗಳು" ಒಳಗೆ "ಇತರೆ" ಒಳಗೆ, ಸೊಟ್ಟಗೆ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ, ಸಹಿ ಸೀಲು ಎಲ್ಲ ಸರಿಯಾಗಿ, ಹುಡುಕಿದ್ರೆ ಸಿಗದ ಹಾಗೆ, ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೆ ಓದೋಕೂ ಬಾರದ ಹಾಗೆ. ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟುಕೋದು ಬದುಕುವ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿ ಅಂತ ಸುಪ್ರೀಂ ಕೋರ್ಟು 2025ರ ಏಪ್ರಿಲಲ್ಲಿ ಹೇಳಿ ಆಯ್ತು. ಹೇಳಿದ್ದೂ ಒಂದು ಪಿಡಿಎಫ್. ನಾವು ವಾಟ್ಸಾಪಲ್ಲಿ ಯಾರೋ ಗುರುತಿಲ್ಲದವ ಹಾಕಿದ ಹೋದ ವರ್ಷದ ಫೋಟೋ ನಂಬಿ ಗಾಡಿ ತಿರುಗಿಸ್ತೇವೆ, ಇಲ್ಲಾ ತಿರುಗಿಸದೇ ಹೋಗಿ ಬಿಡ್ತೇವೆ. ಮಳೆಲಿ ಜನ ಹೆದರಿಕೊಂಡು ಕೂತಿರೋವಾಗ ಅವರಿಗೆ ಅದೇ ಮಳೆಯ ಡ್ರೋನ್ ವಿಡಿಯೋ ತೋರಿಸೋದಕ್ಕೆ ಎಂತ ಹೇಳ್ಬೇಕು, ನಂಗೆ ಮಾತು ಬರೋದಿಲ್ಲ. ಸಾಕಾಗಿ ಹೋಗಿದೆ.

ಹೋಗ್ಲಿ, ಇದನ್ನೆಲ್ಲ ಅವರಿಗೇ ತಿಳಿಸುವ ಅಂತ ಹೊರಟೆ, ಯಾಕಂದ್ರೆ ಸೈಟಿನ ಅಡಿಗೆ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಇದೆ. ಅದನ್ನ ಒತ್ತೋಕೆ ಹೋದ್ರೆ ಸೀರೆ ಉಟ್ಟ ಒಂದು ಕಾರ್ಟೂನ್ ಹೆಣ್ಣು ಮೂಲೆಯಿಂದ ಎದ್ದು ಬಂದು, ನಮಸ್ಕಾರ, ನಾನು ಹೇಗೆ ಸಹಾಯ ಮಾಡಲಿ ಅಂತ ಸರಿಯಾಗಿ ಆ ಬಟನ್ ಮೇಲೇ ನಿಲ್ತಾಳೆ. ಮೊಬೈಲ್ ಅಡ್ಡ ಮಾಡಿ, ಅವಳನ್ನ ದಾಟಿ ಒಳಗೆ ಹೋದ್ರೆ ಐದು ಸ್ಟಾರು, ಕೆಳಗೊಂದು ಖಾಲಿ ಡಬ್ಬಿ. ಕನ್ನಡದಲ್ಲಿ ಬರೆದೆ. ವಿಶೇಷ ಚಿಹ್ನೆಗಳಿಗೆ ಅವಕಾಶ ಇಲ್ಲ ಅಂತ ಕೆಂಪಕ್ಷರದಲ್ಲಿ ಬಂತು, ವಿಶೇಷ ಚಿಹ್ನೆ ಅಂದ್ರೆ ಅ ಆ ಇ ಈ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ, ಉದ್ದ ಜಾಸ್ತಿ ಆಯ್ತು ಅಂತು. ಕಡಿಮೆ ಮಾಡಿದೆ, ಕಡಿಮೆ ಆಯ್ತು ಅಂತು. ಕಳಿಸೋಕೆ ಮೊಬೈಲ್ ನಂಬರ್ ಹಾಕಿ ಅಂತು, ಹಾಕಿದ್ರೆ ಮತ್ತೆ ಆ ಹಸಿರು ಉಂಗುರ ಶುರು. ಬರೆದದ್ದೆಲ್ಲ ಅಳಿಸಿ ಬರೀ ಐದು ಸ್ಟಾರ್ ಒತ್ತಿದೆ, ಓಟಿಪಿ ಕೇಳದೇ ತಕ್ಷಣ ತಗೊಂಡ್ತು.